ಮಹನೀಯರಿಗೆ ಒಂದು ನಿಮಿಷ

ಸಿನಿಮಾಗಳಿಗೆ ಶಬ್ದ ಹಿಡಿಯುವುದು ಅವನ ಕಸುಬು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಿವಿ ಎಂದೇ. ಇಪ್ಪತ್ತೆರಡು ವರ್ಷ ಹೆಡ್‌ಫೋನ್ ಹಾಕಿಕೊಂಡೇ ಕಳೆದವನಿಗೆ ಅಪ್ಪ ಅಮ್ಮ ಇಟ್ಟ ಇನ್ನೊಂದು ಹೆಸರೂ ಇತ್ತೆನ್ನಿ, ಆಸ್ಪತ್ರೆಯ ಚೀಟಿ ಬರೆಸುವಾಗ ಅದು ನೆನಪಾಗುತ್ತಿತ್ತು.

‘ಮಹನೀಯರ ಕೊನೆಯ ದಿನಗಳು’ ಸಿನಿಮಾಕ್ಕೂ ಅವನದೇ ಶಬ್ದ. ಹುಟ್ಟಿಯೇ ಇರದ ಒಬ್ಬ ದೊಡ್ಡ ಮನುಷ್ಯನ ಮೇಲೆ ತೆಗೆದ ಸುಳ್ಳು ಸಾಕ್ಷ್ಯಚಿತ್ರ ಅದು. ನಿರ್ದೇಶಕ ಕ್ಯಾಮೆರಾ ಹೊತ್ತು ಬೀದಿ ಬೀದಿ ತಿರುಗಿ ‘ಮಹನೀಯರು ನಿಮಗೆ ಗೊತ್ತಲ್ವಾ?’ ಎಂದು ಕೇಳುವುದು, ಜನ ಗೊತ್ತಿಲ್ಲ ಎನ್ನಲು ನಾಚಿ ‘ಗೊತ್ತಿಲ್ದೆ ಏನು, ನಮ್ಮ ತಾತನಿಗೆ ತುಂಬಾ ಬೇಕಾದೋರು’ ಎನ್ನುವುದು. ಈ ಮಹನೀಯರು ಬಟ್ಟೆಯ ವಿರೋಧಿಯಂತೆ. ಹಾಗಾಗಿ ಶಾಲೆಯ ಅಂಗಳದಲ್ಲಿ ಅವರ ಬರಿಮೈ ಪ್ರತಿಮೆ, ಮುಖ್ಯೋಪಾಧ್ಯಾಯರಿಂದಲೇ ಅನಾವರಣ. ಪರದೆ ಜಾರಿದಾಗ ಆ ಮನುಷ್ಯನ ಮುಖ ನೋಡಬೇಕಿತ್ತು. ಸಿನಿಮಾ ಬಂದಾಗ ಛೀ ಥೂ ಎಂದವರೇ ಮರುದಿನ ನೆಂಟರನ್ನು ಕಟ್ಟಿಕೊಂಡು ಮತ್ತೆ ಹೋದರು. ಅದರಲ್ಲಿ ನಟರು ನಾಲ್ಕೇ ಜನ, ಉಳಿದವರೆಲ್ಲ ಎಲ್ಲವನ್ನೂ ನಿಜವೆಂದು ನಂಬಿ ಬಂದವರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ಇಲಿಗಳಲ್ಲಿ ಒಬ್ಬ ದರ್ಜಿಯಿದ್ದ. ಪ್ರತಿಮೆಗೆ ಮರ್ಯಾದೆಯಾಗಿ ಒಂದು ಜೊತೆ ಬಟ್ಟೆ ಹೊಲಿಯಬೇಕು, ಅಳತೆ ತೆಗೆಯಲು ಬನ್ನಿ ಎಂದು ಅವನನ್ನು ಕರೆಸಿದ್ದರು. ಅರವತ್ತರ ಹತ್ತಿರದ ಮನುಷ್ಯ, ಕೊರಳಲ್ಲಿ ಟೇಪು, ಜೇಬಿನಲ್ಲಿ ಸೀಮೆಸುಣ್ಣದ ಬಿಲ್ಲೆ. ಭುಜ, ತೋಳು, ಎದೆ ಎಲ್ಲವನ್ನೂ ಶ್ರದ್ಧೆಯಿಂದ ಅಳೆದ. ಸೊಂಟಕ್ಕೆ ಬಂದಾಗ ಮುಖವನ್ನು ಆಚೆ ತಿರುಗಿಸಿಕೊಂಡು, ಅಂದಾಜಿನ ಮೇಲೆ ಟೇಪು ಸುತ್ತಿ, ‘ತಪ್ಪು ತಿಳ್ಕೋಬೇಡಿ ಸ್ವಾಮಿ’ ಎಂದು ಪ್ರತಿಮೆಗೆ ಹೇಳಿದ.

ಶಬ್ದ ಹಿಡಿಯುವವರಲ್ಲಿ ಒಂದು ರೂಢಿಯಿದೆ. ಚಿತ್ರೀಕರಣ ಮುಗಿದ ಮೇಲೆ ಆ ಜಾಗದ ಬರಿಯ ಮೌನವನ್ನೂ ಒಂದು ನಿಮಿಷ ಟೇಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಮುಂದೆ ಮಾತಿನ ನಡುವೆ ತೂತು ಬಿದ್ದಾಗ ಹಾಕುವುದಕ್ಕೆ ಅದೇ ತೇಪೆ. ಶಾಲೆಯ ಕೋಣೆಯೊಂದರಲ್ಲಿ ದರ್ಜಿಯ ಸಂದರ್ಶನ ಮುಗಿದಾಗ ಕಿವಿ ಎಂದಿನಂತೆ ಕೂಗಿದ: “ಎಲ್ರೂ ಒಂದು ನಿಮಿಷ ಮೌನ!”

ದರ್ಜಿ ತಟ್ಟನೆ ಎದ್ದು ನಿಂತ. ಚಪ್ಪಲಿ ಕಳಚಿ ಬದಿಗಿಟ್ಟ, ಕೈಕಟ್ಟಿ ತಲೆ ತಗ್ಗಿಸಿದ. ತೀರಿಹೋದ ಮಹನೀಯರಿಗೆ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದಾರೆ ಎಂದುಕೊಂಡಿದ್ದ. ಕ್ಯಾಮೆರಾ ಇನ್ನೂ ಓಡುತ್ತಿತ್ತು. ದೀಪ ಹಿಡಿದವನು ತುಟಿ ಕಚ್ಚಿಕೊಂಡ, ನಿರ್ದೇಶಕ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಕಿವಿಗೂ ನಗು ಉಕ್ಕಿ ಬರುತ್ತಿತ್ತು. ಅಷ್ಟರಲ್ಲಿ, ದರ್ಜಿಯ ಅಂಗಿಗೆ ಸಿಕ್ಕಿಸಿದ್ದ ಪುಟ್ಟ ಮೈಕಿನಿಂದ ಅವನ ಹೆಡ್‌ಫೋನಿಗೆ ಪಿಸುಮಾತು ಬಂತು.

“ನೀನೂ ಬಾ ಮಗಳೇ. ನಿನಗೆ ಅಂತ ಯಾರೂ ನಿಂತಿರಲಿಲ್ಲ. ಇಲ್ಲಿ ಇಷ್ಟು ಜನ ನಿಂತಿದ್ದಾರೆ ನೋಡು. ನಿನಗೂ ಆಗಲಿ.”

ಕೇಳಿಸಿದ್ದು ಅವನೊಬ್ಬನಿಗೇ. ಉಕ್ಕುತ್ತಿದ್ದ ನಗು ನಿಂತೇಹೋಯಿತು. ಆದರೂ ನಿಮಿಷ ಮುಗಿದಾಗ ಕೈಯೆತ್ತಿ “ಆಯ್ತು” ಎಂದನೇ ಹೊರತು ಯಾರಿಗೂ ಏನೂ ಹೇಳಲಿಲ್ಲ.

ಸಿನಿಮಾ ಥಿಯೇಟರಿಗೆ ಹೋಗುವಾಗ ಆ ದೃಶ್ಯದ ಮೇಲೆ ಬ್ಯಾಂಡಿನ ಸಂಗೀತ ಹಾಕಿದರು. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದು ಅಲ್ಲಿಯೇ. ಆಮೇಲೆ ಪಡ್ಡೆಗಳಿಗೆ ದರ್ಜಿಯ ಅಂಗಡಿಯ ಮುಂದೆ ಹೋಗಿ ತಲೆ ತಗ್ಗಿಸಿ ನಿಲ್ಲುವುದೇ ಒಂದು ಆಟವಾಯಿತು. ಮೊದಮೊದಲು ಪಾಪ, ದರ್ಜಿಯೂ ಎದ್ದು ಅವರ ಜೊತೆ ನಿಲ್ಲುತ್ತಿದ್ದನಂತೆ. ವಿಷಯ ತಿಳಿದ ಮೇಲೆ ತಲೆಯೆತ್ತದೆ ಮಿಷನ್ ತುಳಿಯುತ್ತ ಕೂರುತ್ತಿದ್ದನಂತೆ. ಎರಡು ವರ್ಷಕ್ಕೆ ಅವನು ತೀರಿಕೊಂಡ ಎಂಬ ಸುದ್ದಿ ಬಂತು.

ಅಲ್ಲಿಂದ ಕಿವಿಗೆ ಮೌನವೆಂದರೆ ಭಯ. ಬ್ಯಾಂಕಿನ ಒಳಗಾಗಲಿ, ಖಾಲಿ ಈಜುಕೊಳದ ಪಕ್ಕದಲ್ಲಾಗಲಿ, ಒಂದು ನಿಮಿಷ ಮೌನ ಹಿಡಿಯಲು ಕೈಯೆತ್ತಿದರೆ ಸಾಕು, ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಹೆಡ್‌ಫೋನಿನಲ್ಲಿ ‘ನೀನೂ ಬಾ ಮಗಳೇ’. ಆಮೇಲೆ ಟೇಪು ಹಾಕಿ ನೋಡಿದರೆ ಏನೂ ಇರುತ್ತಿರಲಿಲ್ಲ. ಹೆಂಡತಿಯ ಕಾಟ ತಡೆಯದೆ ಡಾಕ್ಟರಿಗೆ ತೋರಿಸಿದ. ಕಿವಿ ಎರಡೂ ಗಟ್ಟಿಮುಟ್ಟಾಗಿವೆ, ದೋಷವೇನಿಲ್ಲ ಎಂದರು ಅವರು. ಕಿವಿಯ ತಪ್ಪಾದರೂ ಏನಿತ್ತು ಅದರಲ್ಲಿ!

ನಾಲ್ಕನೇ ವರ್ಷ ಸಿನಿಮಾವನ್ನು ಡಿವಿಡಿ ಮಾಡಿ ಮನೆಮನೆಗೆ ಮುಟ್ಟಿಸುವುದೆಂದಾಯಿತು. ನಿರ್ದೇಶಕ ಫೋನು ಮಾಡಿದ.

“ಡಿಸ್ಕಲ್ಲಿ ಏನಾದ್ರೂ ಹೊಸದು ಕೊಡ್ಬೇಕು ಕಿವಿ. ದರ್ಜಿ ಸೀನಿಂದ ಮ್ಯೂಸಿಕ್ ಕಿತ್ತುಹಾಕು. ಮುದುಕ ಏನೋ ಗೊಣಗ್ತಾನಲ್ಲ, ಅದನ್ನ ಎತ್ತಿ ಜೋರಾಗಿ ಕೇಳಿಸು. ಜನ ಬಿದ್ದು ಬಿದ್ದು ನಗ್ತಾರೆ.”

“ಅಲ್ಲೇನಿಲ್ಲ ಸರ್. ಬರೀ ಉಸಿರು.”

“ಸರಿಯಾಗಿ ನೋಡು. ನಾಳೆಯೊಳಗೆ ಟೇಪು ನನಗೆ ಬೇಕು.”

ಟೇಪು ಇದ್ದದ್ದು ಒಂದೇ. ಕಿವಿ ಸ್ಟುಡಿಯೋದ ಬಾಗಿಲು ಹಾಕಿ, ಆ ಪಿಸುಮಾತನ್ನು ಕೊನೆಯ ಸಲ ಕೇಳಿದ. ಆಮೇಲೆ ಅದರ ಮೇಲೆ ಅದೇ ಟೇಪಿನಲ್ಲಿದ್ದ ಶಾಲೆಯ ಕೋಣೆಯ ಫ್ಯಾನಿನ ಸದ್ದನ್ನು ತುಂಬಿ, ಪಿಸುಮಾತನ್ನು ಗುರುತು ಸಿಗದಂತೆ ಒರೆಸಿಹಾಕಿದ. ಸತ್ತವನ ಮಾನವನ್ನಾದರೂ ಉಳಿಸಿದೆ ಎಂದು ಅವನ ಎದೆ ಹಗುರವಾಯಿತು. ಅಂದು ಊಟವೂ ಸೇರಿತು.

ಡಿವಿಡಿ ಬಂದು ಮೂರು ವಾರವಾಗಿತ್ತು. ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬಳು ಕೇಳಿಕೊಂಡು ಕೇಳಿಕೊಂಡು ಸ್ಟುಡಿಯೋಕ್ಕೆ ಬಂದಳು. ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದ ಚೀಲದಿಂದ ಡಿಸ್ಕಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಬ್ಬಿಯ ಮೇಲೆ ತಲೆ ತಗ್ಗಿಸಿ ನಿಂತ ದರ್ಜಿಯ ಚಿತ್ರವಿತ್ತು.

“ಇವರು ನಮ್ಮ ಯಜಮಾನರು,” ಎಂದಳು. “ಪಕ್ಕದ ಮನೆ ಟಿವಿಯಲ್ಲಿ ಹನ್ನೊಂದು ಸಲ ನೋಡಿದೆ. ತುಟಿ ಅಲ್ಲಾಡ್ತಾ ಇದೆ. ಟಿವಿಗೆ ಕಿವಿ ಹಚ್ಚಿದ್ರೂ ಫ್ಯಾನ್ ಸದ್ದು ಬಿಟ್ರೆ ಏನಿಲ್ಲ. ಅವತ್ತು ಕಿವಿಗೆ ಹಾಕ್ಕೊಂಡು ಕೂತಿದ್ದೋರು ನೀವಂತೆ. ಏನಂದ್ರು ಅವರು?”

ಅವನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಏನೂ ಅನ್ನಲಿಲ್ಲ ಎಂಬ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಆ ಮುಖ ನೋಡಿ ಹೇಳಲಾಗಲಿಲ್ಲ. ಇಷ್ಟು ವರ್ಷ ಕಾಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

ಅವಳು ಅಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

“ಮಗಳೇ ಅಂದ್ರಾ?”

“ಹೌದಮ್ಮ.”

“ನಮಗೆ ಹುಟ್ಟಿದ್ದು ಒಂದೇ ಕೂಸು. ಹುಟ್ಟುವಾಗಲೇ ಜೀವ ಇರಲಿಲ್ಲ. ನನಗೆ ಎಚ್ಚರ ಬರೋಷ್ಟರಲ್ಲಿ ಇವರೊಬ್ಬರೇ ಹೋಗಿ ಮಣ್ಣು ಮಾಡಿ ಬಂದಿದ್ರು. ಗಂಡುಮಗು ಅಂದ್ರು.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನಗೆ ಹೆಣ್ಣೇ ಆಗುತ್ತೆ ಅಂತ ಏಳು ಫ್ರಾಕ್ ಹೊಲಿದಿಟ್ಟಿದ್ದೆ. ಅದಕ್ಕೇ ಇರಬೇಕು ಗಂಡು ಅಂದಿದ್ದು, ನನ್ನ ಸಂಕಟ ಕಮ್ಮಿ ಆಗಲಿ ಅಂತ. ಮೂವತ್ತೊಂದು ವರ್ಷ ನಾನು ಗಂಡುಮಗೂನೇ ನೆನೆಸ್ಕೊಂಡು ಅತ್ತಿದ್ದೀನಲ್ಲಪ್ಪ.”

ಕಿವಿ ಅವಳ ಮುಂದೆ ನೀರಿನ ಲೋಟ ಇಟ್ಟ. ಅವಳು ಅದನ್ನು ಮುಟ್ಟದೆ, ಹಿಂದಿನ ಕಪಾಟಿನಲ್ಲಿ ಸಾಲಾಗಿದ್ದ ಟೇಪುಗಳನ್ನೇ ನೋಡಿದಳು.

“ಅದನ್ನೊಂದು ಸಲ ಹಾಕಿ. ಅವರ ಬಾಯಲ್ಲೇ ಕೇಳ್ತೀನಿ.”

“ಅದಿಲ್ಲಮ್ಮ. ಅಳಿಸಿಬಿಟ್ಟೆ. ಜನ ಮತ್ತೆ ನಗ್ತಾರೆ ಅಂತ, ಅವರ ಮರ್ಯಾದೆಗೋಸ್ಕರ…”

“ಎಲ್ಲೂ ಇಲ್ವಾ?”

“ಎಲ್ಲೂ ಇಲ್ಲ. ಆದ್ರೆ ನಾನು ನನ್ನ ಈ ಕಿವಿಯಾರೆ ಕೇಳಿದ್ದೀನಿ. ಆಣೆ ಮಾಡಿ ಹೇಳ್ತೀನಿ ಅಮ್ಮ, ನಿಮಗೆ ಹುಟ್ಟಿದ್ದು ಮಗಳೇ.”

ಅವಳು ಅವನ ಮುಖ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಹೇಗಾದರೂ ಮಾಡಿ ನಂಬಿಸು ಎಂದು ಬೇಡುವವಳಂತೆ ಕೇಳಿದಳು.

“ಇಲ್ಲದ ಒಬ್ಬ ಮನುಷ್ಯನ್ನ ಇದ್ದ ಅಂತ ನಮ್ಮನ್ನೆಲ್ಲ ನಂಬಿಸಿದೋರು ನೀವು. ಈಗ ನಿಮ್ಮ ಮಾತನ್ನ ನಾನು ಹೇಗೆ ನಂಬಲಪ್ಪ?”