ಹೂವಿಲ್ಲದೆ ತಿರುಗಿದ ಡ್ರಮ್ಮು

ಒಂದು ನಿಮಿಷ, ಇದನ್ನು ಕೇಳಿಬಿಟ್ಟು ಹೋಗಿ. ಮೊಬೈಲಿನಲ್ಲಿ ಷೇರು ಕೊಂಡಿದ್ದರಂತೂ ಕೂತೇ ಕೇಳಿ.

ಗುಂಡ್ಲುಪೇಟೆ ಹತ್ತಿರ ಒಂದು ಚೆಂಡುಹೂವಿನ ಫ್ಯಾಕ್ಟರಿ. ಹೂವಿನಿಂದ ಬಣ್ಣ ತೆಗೆಯುತ್ತಾರೆ. ಕುಮಾರಿ ಅಲ್ಲಿ ಕಸ ಗುಡಿಸುತ್ತಾಳೆ. ಸುತ್ತಲಿನ ಊರಿನವರು ಕಂಪನಿ ಹೇಗಿದೆ ಅಂತ ತಿಳಿಯುವುದು ಚಿಮಣಿ ನೋಡಿ. ಹೊಗೆ ಬರುತ್ತಿದ್ದರೆ ಕಂಪನಿ ಚೆನ್ನಾಗಿದೆ ಅಂತ ಲೆಕ್ಕ. ಆ ಹೊಗೆ ನಂಬಿಯೇ ಅವಳ ಗಂಡ ಶಿವಮಲ್ಲು, ಮಗಳು ಸಿಂಧುವನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಲು ಇಟ್ಟಿದ್ದ ದುಡ್ಡನ್ನೆಲ್ಲ ಹೋದ ತಿಂಗಳು ಕಂಪನಿಯ ಷೇರಿಗೆ ಹಾಕಿದ್ದ.

ಅವತ್ತು ಸೋಮವಾರ, ಮಟಮಟ ಮಧ್ಯಾಹ್ನ. ಕುಮಾರಿ ಪೊರಕೆ ಹಿಡಿದು ಹೂ ಒಣಗಿಸುವ ಶೆಡ್ಡಿಗೆ ಹೋದಳು. ಒಲೆ ಉರಿಯುತ್ತಿತ್ತು. ದೊಡ್ಡ ಡ್ರಮ್ಮು ಗಡಗಡ ತಿರುಗುತ್ತಿತ್ತು. ನೆಲದ ಮೇಲೆ ಒಂದು ಎಸಳೂ ಇಲ್ಲ. ಬಗ್ಗಿ ಡ್ರಮ್ಮಿನ ಬಾಯೊಳಗೆ ನೋಡಿದಳು. ಖಾಲಿ. ಹೂವೂ ಇಲ್ಲ, ಆಳೂ ಇಲ್ಲ, ಹೂವಿನ ವಾಸನೆ ಕೂಡ ಇಲ್ಲ. ಡ್ರಮ್ಮು ಮಾತ್ರ ತನ್ನಷ್ಟಕ್ಕೆ ತಿರುಗುತ್ತಿದೆ, ಮೇಲೆ ಹೊಗೆ ಹೋಗುತ್ತಿದೆ. ಅಷ್ಟು ಕಾವಿನಲ್ಲೂ ಕುಮಾರಿಯ ಬೆನ್ನು ತಣ್ಣಗಾಯಿತು.

ಡ್ರಮ್ಮಿನ ಆಚೆ ಮ್ಯಾನೇಜರನ ದನಿ. ಫೋನಿನಲ್ಲಿದ್ದ.

"ಶುಕ್ರವಾರದವರೆಗೂ ಹೊಗೆ ನಿಲ್ಲಿಸಲ್ಲ ಸಾರ್. ನಮ್ಮ ಉಳಿದ ಷೇರೆಲ್ಲ ಮಾರಿ ಆಗ್ಲಿ, ಆಮೇಲೆ ಬೀಗ ಹಾಕೋಣ."

ತಿರುಗಿ ಅವಳನ್ನು ಕಂಡ. ಬೈಯಲಿಲ್ಲ. ಸುಮ್ಮನೆ ನಕ್ಕ.

ಕುಮಾರಿ ಏದುಸಿರು ಬಿಡುತ್ತಾ ಮನೆಗೆ ಬಂದು ಎಲ್ಲ ಹೇಳಿದಳು.

"ನಿಂಗೆ ಬಿಸ್ಲು ತಲೆಗೇರದೆ ಕಣಮ್ಮಿ," ಅಂದ ಶಿವಮಲ್ಲು. "ಅಲ್ನೋಡು, ಒಗೆ ಎಂಗ್ ಬತ್ತಾ ಅದೆ!"

"ಒಗೆ ಅದೆ, ಊವಿಲ್ಲ! ನಾನೇ ಕಣ್ಣಾರೆ ನೋಡ್ದೆ."

ಶಿವಮಲ್ಲು ಜೇಬಿಗೆ ಕೈ ಹಾಕಿದ. ಫೋನ್ ತೆಗೆದ. "ಅಂಗಾರೆ ಈಗ್ಲೇ ಮಾರ್ಬುಡನ!"

ಎದುರುಮನೆಯ ವನಿತಾ ಚಾಮರಾಜನಗರದ ಷೇರು ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಅವತ್ತು ರಜೆಯಲ್ಲಿದ್ದಳು. ಗಲಾಟೆ ಕೇಳಿ ಓಡಿಬಂದಳು.

"ಮಾವ, ಬೆರಳು ತೆಗೀರಿ! ನೀವು ಮಾರಿದ್ದನ್ನ ಕೊಳ್ಳೋರು ಯಾರು?"

"ಯಾರೋ! ನಾನೇನ್ ಮೊಕ ಕಂಡಿದ್ದನಾ?"

"ಅವ್ರೂ ಮಗಳ ಕಾಲೇಜಿಗೆ ಇಟ್ಟ ದುಡ್ಡೇ ತಂದಿರ್ಬೋದು. ಹೋಗ್ಲಿ, ನೀವು ಕೊಂಡಾಗ ಮಾರ್ತಿದ್ದೋರು ಯಾರು, ನೋಡಿ."

ತನ್ನ ಫೋನಿನಲ್ಲಿ ಷೇರುಪೇಟೆಯ ವೆಬ್‌ಸೈಟ್ ತೆಗೆದಳು. ಕಂಪನಿಯ ದೊಡ್ಡವರು ದೊಡ್ಡ ಮೊತ್ತಕ್ಕೆ ಷೇರು ಮಾರಿದರೆ ಅಲ್ಲಿ ಹಾಕಲೇಬೇಕು, ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಫ್ಯಾಕ್ಟರಿಯ ಮಾಲೀಕರು, ದೊಡ್ಡ ಸಾಹೇಬರ ಹೆಸರಿತ್ತು. ಶಿವಮಲ್ಲು ಕೊಂಡ ವಾರವೇ ಅವರು ಮಾರಿದ್ದರು.

"ಸಾಹೇಬ್ರು ಮಾರೋದೇ ತಪ್ಪಲ್ಲ ಮಾವ. ಜನಕ್ಕೆ ಗೊತ್ತಿಲ್ಲದ ಒಳಗಿನ ಸುದ್ದಿ ಇಟ್ಕೊಂಡು ಮಾರೋದು ಅಪರಾಧ. ಅತ್ತೆ ಕೇಳಿಸ್ಕೊಂಡಿದ್ದೂ ಒಳಗಿನ ಸುದ್ದಿನೇ. ಕಸ ಗುಡಿಸೋರಿಗೂ, ಅವ್ರ ಗಂಡಂಗೂ ಅದೇ ಕಾನೂನು."

"ಟೋಪಿ ಆಕ್ದೋರು ಅವ್ರು, ಕೈ ಕಟ್ಕೊಂಡು ಕೂರದು ನಾವಾ?"

"ಕೂರೋದು ಬೇಡ. ಷೇರುಪೇಟೆ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಇದೆ, ಸೆಬಿ ಅಂತ. ಅದಕ್ಕೆ ದೂರು ಬರೆಯೋಣ."

ಮ್ಯಾನೇಜರನ ನಗು ಕುಮಾರಿಗೆ ಈಗ ಅರ್ಥವಾಯಿತು. ಶಿವಮಲ್ಲು ಷೇರು ಕೊಂಡದ್ದು ಅವನಿಗೂ ಗೊತ್ತಿತ್ತು. ಇವಳೂ ಹೋಗಿ ಮಾರುತ್ತಾಳೆ, ಮಾರಿದ ಮೇಲೆ ಇವಳೂ ನಮ್ಮವಳೇ, ಬಾಯಿ ಬಿಡಲಾರಳು ಅಂತ ನಕ್ಕಿದ್ದ. ಮುಖ ಕಾಣದ ಯಾರೋ ಬಾಗಿಲಾಚೆ ದುಡ್ಡು ಹಿಡಿದು ಕಾಯುತ್ತಿರುವಂತೆ ಅವಳಿಗೆ ಅನಿಸಿತು. ಗಂಟೆ ಮೂರೂ ಇಪ್ಪತ್ತು. ಇನ್ನು ಹತ್ತೇ ನಿಮಿಷಕ್ಕೆ ಪೇಟೆ ಮುಚ್ಚುತ್ತದೆ.

"ಮಾರ್ಬುಟ್ರೆ ನಾಳೆ ಯಾವ್ ಬಾಯಲ್ಲಿ ನಾನು ಸಾಕ್ಷಿ ಏಳ್ಲಿ? ಕೊಡಿ ಇಲ್ಲಿ ಪೋನ." ಕುಮಾರಿ ಗಂಡನ ಕೈಯಿಂದ ಫೋನ್ ಕಿತ್ತುಕೊಂಡಳು.

ಶಿವಮಲ್ಲು ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಗುವುದನ್ನೇ ನೋಡಿದ. ಆಮೇಲೆ ಅಂದ, "ಸರಿ, ಬರ್ಕೊ ವನಿತಾ. ನನ್ ಎಸ್ರೂ ಸೇರ್ಸು."

ಶುಕ್ರವಾರ ಬೀಗ ಬಿತ್ತು. ಷೇರು ನೆಲ ಕಚ್ಚಿತು. ಸಿಂಧು ಈ ವರ್ಷ ಕಾಲೇಜಿಗೆ ಸೇರಲಿಲ್ಲ. ತನಿಖೆ ಶುರುವಾಗಿದೆ, ಕುಮಾರಿ ಕಂಡಿದ್ದನ್ನು ಕಂಡ ಹಾಗೆ ಹೇಳಿದ್ದಾಳೆ. ದುಡ್ಡು ಇನ್ನೂ ಬಂದಿಲ್ಲ.

ಅದಕ್ಕೇ ಹೇಳುತ್ತಿರುವುದು. ಷೇರು ಕೊಳ್ಳುವ ಮುಂಚೆ ಕಂಪನಿಯ ದೊಡ್ಡವರು ಮಾರುತ್ತಿದ್ದಾರಾ ಅಂತ ವೆಬ್‌ಸೈಟಿನಲ್ಲಿ ನೋಡಿ. ಮಕ್ಕಳ ಓದಿನ ದುಡ್ಡನ್ನೆಲ್ಲ ಒಂದೇ ಕಡೆ ಸುರಿಯಬೇಡಿ. ಒಳಗಿನ ಸುದ್ದಿ ಕಿವಿಗೆ ಬಿದ್ದರೆ ಅದರ ಮೇಲೆ ಕೊಳ್ಳಬೇಡಿ, ಮಾರಬೇಡಿ, ದೂರು ಕೊಡಿ.

ಈಗ ನೀವೇ ಹೇಳಿ. ಮೂರೂ ಇಪ್ಪತ್ತಕ್ಕೆ ಆ ಫೋನ್ ನಿಮ್ಮ ಕೈಯಲ್ಲಿ ಇದ್ದಿದ್ದರೆ, ನೀವು ಏನು ಮಾಡುತ್ತಿದ್ದಿರಿ?