ಗೋಡೆಗೆ ಯಾರೂ ಬಣ್ಣ ಎರಚಲಿಲ್ಲ

ಅವಳಿಗಿದ್ದ ಚಿಂತೆ ಬಾಯಿಬಿಟ್ಟು ಹೇಳಿದರೆ ಕೇಳಿದವರು ನಕ್ಕುಬಿಡುವಂಥದ್ದು. ಹಾಗಾಗಿ ಅಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ: ಕಚೇರಿಯಲ್ಲಿ ಮಾವನನ್ನು ಏನೆಂದು ಕರೆಯುವುದು?

ಗ್ರಂಥಾಲಯದ ಮುಖ್ಯಸ್ಥರು ಅವಳ ತಾಯಿಯ ತಮ್ಮ. ರಸಾಯನಶಾಸ್ತ್ರದ ಪದವಿ ಇಟ್ಟುಕೊಂಡು ಮನೆಯಲ್ಲೇ ಕೂತಿದ್ದವಳಿಗೆ ಟೈಪಿಂಗ್ ಕೆಲಸ ಕೊಡಿಸಿದವರೂ ಅವರೇ. "ಆಫೀಸಲ್ಲಿ ಸರ್ ಅನ್ನು, ಮನೇಲಿ ಮಾವ ಅನ್ನು. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ?" ಎಂದು ಅಮ್ಮ ಸಲೀಸಾಗಿ ಹೇಳಿದ್ದಳು. ಆದರೆ ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವರನ್ನು ಸರ್ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಮಾವ ಎಂದರೆ ಮಿಕ್ಕವರೆಲ್ಲ ತಲೆಯೆತ್ತಿ ನೋಡುತ್ತಾರೆಂಬ ಭಯ. ಕೊನೆಗೆ ಎರಡರ ಗೊಡವೆಯೂ ಬೇಡವೆಂದು ಕೆಮ್ಮುವುದನ್ನು ರೂಢಿಸಿಕೊಂಡಳು. ಅವರ ಮೇಜಿನ ಮುಂದೆ ನಿಂತು ಕೆಮ್ಮಿದರೆ ಸಹಿ ಬೇಕೆಂದು ಅರ್ಥ, ಬಾಗಿಲಲ್ಲಿ ನಿಂತು ಕೆಮ್ಮಿದರೆ ಯಾರೋ ಕಾಣಲು ಬಂದಿದ್ದಾರೆಂದು ಅರ್ಥ.

"ಒಂದು ಬಾಟ್ಲಿ ಕೆಮ್ಮಿನ ಔಷಧಿ ತಂದುಕೊಡ್ತೀನಿ ಇರು ತಾಯಿ," ಎಂದು ಬೈಂಡರ್ ಅಜ್ಜ ರೇಗಿಸುತ್ತಿದ್ದ. ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತ, ಮೈಯೆಲ್ಲ ಗೋಂದಿನ ವಾಸನೆ ಹೊತ್ತು ಓಡಾಡುವ ಮುದುಕ.

ನೆಲ ಒರೆಸಿ, ಕಿಟಕಿ ಗಾಜು ತೊಳೆಯುವ ಹೆಂಗಸು ಇವಳಿಗೆ ತದ್ವಿರುದ್ಧ. ಮೇಲಿನ ಮಹಡಿಯಲ್ಲಿ ಬಕೆಟ್ ಇಟ್ಟು ಮಾತಾಡಿದರೆ ಗೇಟಿನ ಹತ್ತಿರ ಕೇಳಿಸುವಂಥ ಗಂಟಲು. ಓದುಗರೆಲ್ಲ "ಶ್" ಎಂದು ಸುಸ್ತಾಗಿ ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟಿದ್ದರು. ಗುಡುಗಮ್ಮ ಇವಳಿಗೆ ಪಿಸುಮಾತು ಎಂದು ಹೆಸರಿಟ್ಟಿದ್ದಳು.

"ಏ ಪಿಸುಮಾತು, ಕಾಲೆತ್ತು, ನೆಲ ಒರೆಸ್ಬೇಕು. ಯಾವಾಗ ನೋಡಿದ್ರೂ ಆ ಗೋಡೆನೇ ನೋಡ್ತಿರ್ತೀಯಲ್ಲ, ಅಲ್ಲೇನು ನಿನ್ ಗಂಡ ನಿಂತಿದಾನಾ?"

ಗೋಡೆ ನಿಜಕ್ಕೂ ನೋಡುವಂತಿತ್ತು. ಇವಳ ಮೇಜಿನ ಕಿಟಕಿಯಾಚೆ ಅಂಗಳ, ಅಂಗಳದಾಚೆ ಕಲ್ಲಿನ ಕಾಂಪೌಂಡು. ದಿನವಿಡೀ ಬಿಸಿಲು ಬೀಳುವ ಆ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಹಕ್ಕಳೆಗಳು ಹಬ್ಬಿಕೊಂಡಿದ್ದವು. ಎಲ್ಲರೂ ಪಾಚಿ ಎನ್ನುತ್ತಿದ್ದರು. ಅದು ಕಲ್ಲುಹೂವು. ಒಂದು ಶಿಲೀಂಧ್ರವೂ ಒಂದು ಪಾಚಿಯೂ ಸೇರಿ ಹೂಡಿದ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ, ಪಾಚಿ ಬಿಸಿಲಿನಿಂದ ಊಟ ಬೇಯಿಸುತ್ತದೆ. ಬಿಸಿಲು ಅತಿಯಾದರೆ ಬೇಯಿಸುವವಳೇ ಬೆಂದುಹೋಗುತ್ತಾಳೆಂದು ಶಿಲೀಂಧ್ರ ತನ್ನ ಛಾವಣಿಯ ಮೇಲೆ ಕಿತ್ತಳೆ ಹರಳುಗಳನ್ನು ಹರಡುತ್ತದೆ. ಆ ಬಣ್ಣದ ಹೆಸರು ಪ್ಯಾರಿಯೆಟಿನ್. ಅದೇ ಗೋಡೆಯ ನೆರಳಿನ ಮಗ್ಗುಲಲ್ಲಿ ಅದೇ ಕಲ್ಲುಹೂವು ಬೂದುಹಸಿರಾಗಿತ್ತು. ನೆರಳಲ್ಲಿ ನಿಂತು ಕೊಡೆ ಬಿಚ್ಚುವವರು ಯಾರು? ಕೆಲವು ಕಳೆಗಿಡಗಳ ಬೇರಿನೊಳಗೂ ಇದೇ ಬಣ್ಣ ಇರುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಅವಳು ಅಂಥ ಬೇರುಗಳನ್ನು ಅರೆದು, ಸೋಸಿ, ಬೆರಳೆಲ್ಲ ಹಳದಿ ಮಾಡಿಕೊಂಡು ಅದನ್ನು ತೆಗೆದಿದ್ದಳು. ಇಷ್ಟೆಲ್ಲ ಗುಡುಗಮ್ಮನಿಗೆ ಹೇಳಬೇಕೆನಿಸಿತು. ಸುಮ್ಮನೆ ನಕ್ಕು ಕಾಲೆತ್ತಿದಳು.

ಅವತ್ತು ಮಧ್ಯಾಹ್ನ ಮಾವ ಗುಡುಗಮ್ಮನನ್ನು ಕೋಣೆಗೆ ಕರೆಸಿದರು. ಇವಳು ಮೂಲೆಯಲ್ಲಿ ಕೂತು ಟೈಪ್ ಮಾಡುತ್ತಿದ್ದಳು.

"ನಾಳೆ ಬೆಳಿಗ್ಗೆ ಸಮಿತಿ ಅಧ್ಯಕ್ಷೆ ಬರ್ತಾರೆ. ಆ ಗೋಡೆ ನೋಡು, ಹಳದಿ ಹತ್ತಿ ಅಸಹ್ಯವಾಗಿದೆ. ಅವರು ಬರೋಷ್ಟರಲ್ಲಿ ಫಳಫಳ ಅನ್ನಬೇಕು."

"ನೀರಿಗೆ ಹೋಗಲ್ಲ ಸಾರ್ ಅದು. ಹಿಂದೆನೇ ಉಜ್ಜಿ ನೋಡಿದೀನಿ."

"ನೀರಲ್ಲಿ ಯಾರು ಹೇಳಿದ್ರು? ಚರಂಡಿ ಕಟ್ಟಿಕೊಂಡಾಗ ಹಾಕ್ತೀವಲ್ಲ, ಆ ಕಾಸ್ಟಿಕ್ ಸೋಡಾ ಡಬ್ಬ. ಅದನ್ನ ಬಕೆಟ್‌ಗೆ ಕಲಸಿ ಉಜ್ಜು."

"ಅಯ್ಯೋ, ಅದು ಕೈ ಸುಡುತ್ತೆ ಸಾರ್. ಗ್ಲೌಸ್ ಹರಿದು ಎಷ್ಟು ದಿನ ಆಯ್ತು, ಕೇಳಿ ಕೇಳಿ ನನ್ ಬಾಯೇ ಒಣಗಿತು."

"ಕೋಲಿಗೆ ಬಟ್ಟೆ ಸುತ್ಕೋ. ಎಲ್ಲದಕ್ಕೂ ನಿಂದೊಂದು ರಾಗ."

ಮೂಲೆಯಲ್ಲಿ ಟೈಪಿಂಗ್ ನಿಂತಿತು. ಪ್ಯಾರಿಯೆಟಿನ್‌ಗೆ ಕ್ಷಾರ ತಾಗಿದರೆ ಏನಾಗುತ್ತದೆಂದು ಆ ಕಟ್ಟಡದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಕೆಮ್ಮಿದಳು.

"ಕಿಟಕಿ ಹಾಕ್ಕೊಳ್ಳಮ್ಮ, ಗಾಳಿ ಬರ್ತಿದೆ," ಎಂದರು ಮಾವ, ತಲೆಯೆತ್ತದೆ.

ಅವಳು ಎದ್ದು ಕಿಟಕಿ ಹಾಕಿದಳು.

ಬೆಳಿಗ್ಗೆ ಅವಳು ಗೇಟು ದಾಟುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿತ್ತು. ಗೋಡೆ ರಕ್ತ ಸುರಿದಂತಿತ್ತು. ಕಿತ್ತಳೆ ಇದ್ದಲ್ಲೆಲ್ಲ ಕಡುಗೆಂಪು, ಕೆಲವೆಡೆ ನೇರಳೆ. ಸಂದುಸಂದಿನಿಂದ ಇಳಿದ ಧಾರೆಗಳು ನೆಲದ ಚಪ್ಪಡಿಯ ಮೇಲೆ ಹರಡಿ ನಿಂತಿದ್ದವು. ಕಾರಿನಿಂದ ಇಳಿದ ಅಧ್ಯಕ್ಷೆ, ಬಿಳಿ ಕೂದಲಿನ ಎತ್ತರದ ಹೆಂಗಸು, ಆ ಕೆಂಪಿಗೇ ಕಾಲಿಟ್ಟುಬಿಟ್ಟಿದ್ದರು.

"ಏನ್ರೀ ಇದು?"

"ಸೇಡು ಮೇಡಂ, ಸೇಡು!" ಮಾವ ಗುಡುಗಮ್ಮನತ್ತ ಬೆರಳು ತೋರಿಸಿದರು. "ಮೊನ್ನೆ ರಜೆ ಕೊಡಲಿಲ್ಲ ಅಂತ ಇಡೀ ಲೈಬ್ರರಿ ಕೇಳೋ ಹಾಗೆ ಕೂಗಾಡಿದ್ಲು ಇವಳು. ಇವತ್ತು ನೋಡಿ, ಬೈಂಡಿಂಗ್ ರೂಮಿನ ಕೆಂಪು ಬಣ್ಣ ತಂದು ಎರಚಿದಾಳೆ."

"ನನ್ ಬಣ್ಣದ ಡಬ್ಬದ ಮುಚ್ಚಳ ತುಕ್ಕು ಹಿಡಿದು ತೆರೆಯೋಕೇ ಬರಲ್ಲ ಸಾರ್," ಎಂದ ಬೈಂಡರ್ ಅಜ್ಜ. "ಅಲ್ಲದೆ ಇಷ್ಟು ದೊಡ್ಡ ಗೋಡೆಗೆ ಸಾಕಾಗೋಷ್ಟು ಬಣ್ಣ ನೀವು ನನಗೆ ಯಾವ ಜನ್ಮದಲ್ಲಿ ಕೊಡಿಸಿದ್ರಿ?"

ಯಾರೋ ಕಿಸಕ್ಕೆಂದರು. ಮಾವ ಕಣ್ಣು ಕೆಂಪಗೆ ಮಾಡಿದರು.

ಗುಡುಗಮ್ಮ ಗೋಡೆಯ ಬುಡದಲ್ಲಿ ನಿಂತಿದ್ದಳು. ಗುಡುಗಲಿಲ್ಲ. "ಸಾರ್, ನೀವೇ ಅಲ್ವಾ ಡಬ್ಬ..." ಎಂದಳು, ಅವಳದ್ದೇ ಎಂದು ನಂಬಲಾಗದಷ್ಟು ಸಣ್ಣ ದನಿಯಲ್ಲಿ.

"ಬಾಯ್ಮುಚ್ಚು! ಮಾಡೋದೆಲ್ಲ ಮಾಡಿ ಎದುರುತ್ತರ ಬೇರೆ."

ಅವಳು ಒಮ್ಮೆ ಕಣ್ಣೆತ್ತಿ ಇವಳ ಕಡೆ ನೋಡಿದಳು. ನಿನ್ನೆ ಆ ಕೋಣೆಯಲ್ಲಿದ್ದವರು ಮೂವರೇ. ನೋಡಿ, ಮತ್ತೆ ಕಣ್ಣು ಇಳಿಸಿಕೊಂಡಳು. ಈ ಹುಡುಗಿಯಿಂದ ಏನನ್ನೂ ಬಯಸಬಾರದೆಂದು ಆಗಲೇ ತೀರ್ಮಾನಿಸಿಬಿಟ್ಟ ನೋಟ ಅದು. ಅದು ಇವಳಿಗೆ ಚುರುಕ್ಕೆಂದು ತಾಗಿತು. ಆಗಲೇ ಕಂಡದ್ದು: ಗುಡುಗಮ್ಮ ಎರಡೂ ಕೈಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಬಟ್ಟೆಯ ಅಂಚಿನಿಂದ ಕಾಣುತ್ತಿದ್ದ ಬೆರಳುಗಳ ತೊಗಲು ನೆನೆದು ಬಿಳಿಚಿ ಸುಲಿಯುತ್ತಿತ್ತು. ಅಷ್ಟು ಜನ ನಿಂತಿದ್ದರು. ಎಲ್ಲರ ಕಣ್ಣೂ ಗೋಡೆಯ ಮೇಲೆ. ಗೋಡೆ ಹಾಳಾಯಿತಲ್ಲ ಎಂದು ಲೊಚಗುಟ್ಟಿದ ಒಬ್ಬರಿಗಾದರೂ ಆ ಕೈ ಕಾಣಬಾರದೇ?

ಬಳಿಗೆ ಹೋಗಿ, "ಅಕ್ಕ, ನಲ್ಲಿ ಬಿಟ್ಟು ಕೈ ಹಿಡಿ, ತೆಗೀಬೇಡ," ಎಂದು ಪಿಸುಗುಟ್ಟಿ, ಅಂಗಳದ ನಲ್ಲಿಯ ಕೆಳಗೆ ಅವಳ ಕೈ ಹಿಡಿಸಿದಳು. ಅಷ್ಟರಲ್ಲಿ ಅಧ್ಯಕ್ಷೆಯನ್ನು ಕೋಣೆಗೆ ಕರೆದೊಯ್ದಿದ್ದ ಮಾವ ಒಳಗಿನಿಂದ ಇವಳನ್ನು ಕರೆದರು.

"ಟೈಪ್ ಮಾಡು. ವೈಯಕ್ತಿಕ ಸೇಡಿನಿಂದ ಸಾರ್ವಜನಿಕ ಕಟ್ಟಡಕ್ಕೆ ಬಣ್ಣ ಎರಚಿದ್ದಕ್ಕಾಗಿ ಈ ಕ್ಷಣದಿಂದ ಕೆಲಸದಿಂದ ತೆಗೆಯಲಾಗಿದೆ. ಮೇಡಂ ಎದುರಿಗೇ ಸಹಿ ಹಾಕ್ತೀನಿ."

ಅಧ್ಯಕ್ಷೆ ಎದುರಿನ ಕುರ್ಚಿಯಲ್ಲಿ ಕೂತು ಚಪ್ಪಲಿಯ ಅಟ್ಟೆ ಒರೆಸಿಕೊಳ್ಳುತ್ತಿದ್ದರು. ಇವಳು 'ವೈಯಕ್ತಿಕ' ಎಂದು ಹೊಡೆದಳು. 'ಸೇಡಿನಿಂದ' ಎಂದು ಹೊಡೆಯಲು ಬೆರಳು ಏಳಲಿಲ್ಲ. ಆಮೇಲೆ ಎದ್ದು ಹೊರಗೆ ಹೋದಳು.

"ಎಲ್ಲಿಗೆ?" ಎಂದರು ಮಾವ.

ಅವಳು ಟೀ ಮಾಡುವ ಮೂಲೆಯಿಂದ ಬಿಳಿ ತಟ್ಟೆ, ಅರ್ಧ ನಿಂಬೆಹಣ್ಣು ತೆಗೆದುಕೊಂಡಳು. ನೀರು ತಾಗದ ಕಲ್ಲೊಂದರಿಂದ ಕಿತ್ತಳೆ ಹಕ್ಕಳೆಯನ್ನು ಚಾಕುವಿನಲ್ಲಿ ಕೆರೆದು ತಟ್ಟೆಗೆ ಉದುರಿಸಿದಳು. ಬಕೆಟ್ಟಿನ ತಳದಲ್ಲಿ ಉಳಿದಿದ್ದ ಕಾಸ್ಟಿಕ್ ನೀರನ್ನು ಚಮಚದಲ್ಲಿ ಎತ್ತಿಕೊಂಡಳು. ಬೈಂಡರ್ ಅಜ್ಜನೂ ಬೆನ್ನಿಗೆ ಬಂದ. ಗುಡುಗಮ್ಮ ಬಾಗಿಲ ಹೊರಗೆ ನಿಂತಳು.

ತಟ್ಟೆಯನ್ನು ಅಧ್ಯಕ್ಷೆಯ ಮುಂದಿಟ್ಟು ಅವಳು ಬಕೆಟ್ಟಿನ ನೀರು ಹನಿಸಿದಳು. ಕಿತ್ತಳೆ ಪುಡಿ ನೋಡುನೋಡುತ್ತಲೇ ಕೆಂಪಾಗಿ, ಸುತ್ತ ಹರಡಿ, ಗೋಡೆಯ ಬಣ್ಣವೇ ತಟ್ಟೆಯಲ್ಲಿ ಕೂತಿತು. ನಿಂಬೆ ಹಿಂಡಿದಳು. ಕೆಂಪು ಸ್ವಲ್ಪ ತಡೆದು, ಮತ್ತೆರಡು ಸಲ ಹಿಂಡಿದ ಮೇಲೆ ಹಿಂದೆ ಸರಿದು, ಹಳದಿಯಾಯಿತು.

"ಅರೆರೆ," ಎಂದ ಅಜ್ಜ, "ಇದೇನು ತಾಯಿ, ಗೋಡೆಗೇ ಕೋಪ ಬಂದು ಇಳೀತಾ?"

"ಅರಿಸಿನದ ಕಲೆಗೆ ಸೋಪು ತಾಗಿದ್ರೆ ಕೆಂಪಾಗುತ್ತಲ್ಲ, ಹಾಗಾ?" ಎಂದರು ಅಧ್ಯಕ್ಷೆ, ಮುಂದಕ್ಕೆ ಬಾಗಿ.

"ಹೂಂ," ಎಂದಳು ಅವಳು ತಟ್ಟೆಗೇ ಹೇಳುವಂತೆ. "ವಸ್ತು ಬೇರೆ, ಗುಣ ಒಂದೇ ಥರ. ಕಲ್ಲುಹೂವಲ್ಲಿ ಒಂದು ಬಣ್ಣ ಇರುತ್ತೆ. ಕ್ಷಾರ ಸಿಕ್ರೆ ಅದರ ಅಣುವಿನಿಂದ ಒಂದು ಹೈಡ್ರೋಜನ್ ಕಳಚಿಹೋಗುತ್ತೆ, ಆಗ ಕೆಂಪು ಕಾಣುತ್ತೆ. ಹುಳಿ ಸಿಕ್ರೆ ಅದು ವಾಪಸ್ ಬರುತ್ತೆ. ಶಾಲೇಲಿ ಲಿಟ್ಮಸ್ ಕಾಗದ ಇರುತ್ತಲ್ಲ, ಅದರ ಬಣ್ಣನೂ ಮೂಲದಲ್ಲಿ ಕಲ್ಲುಹೂವಿಂದ ತೆಗೆದಿದ್ದೇ. ಗೋಡೆಗೆ ಯಾರೂ ಬಣ್ಣ ಎರಚಿಲ್ಲ."

ಇಷ್ಟು ಮಾತನ್ನು ಒಟ್ಟಿಗೆ ಅವಳು ಈ ಕಟ್ಟಡದಲ್ಲಿ ಆಡಿದ್ದು ಇದೇ ಮೊದಲು. ಗೆದ್ದೆನೆಂದುಕೊಂಡಳು.

ಮಾವ ತಟ್ಟೆ ನೋಡಿದರು, ಅಧ್ಯಕ್ಷೆಯನ್ನು ನೋಡಿದರು. ಮುಖ ಅರಳಿತು.

"ಭೇಷ್! ನೋಡಿದ್ರಾ ಮೇಡಂ, ನಮ್ಮ ಹುಡುಗಿ ಹೇಗೆ ಪತ್ತೆ ಹಚ್ಚಿದ್ಲು! ಅಂದ್ರೆ ಇದು ಬಣ್ಣ ಅಲ್ಲ, ಕಾಸ್ಟಿಕ್ ಸೋಡಾ. ಗೋಡೆಗೆ ಕಾಸ್ಟಿಕ್ ಸುರಿಯೋ ಬುದ್ಧಿ ಇವಳಿಗೆ ಯಾರು ಕೊಟ್ರು? ನೀರಲ್ಲಿ ಮೆಲ್ಲಗೆ ಒರೆಸು ಅಂದಿದ್ದೆ ನಾನು. ಹೋಗ್ಲಿ, ಸೇಡು ಅನ್ನೋದು ಬೇಡ. ಅಪಾಯಕಾರಿ ರಾಸಾಯನಿಕವನ್ನು ಅಪ್ಪಣೆಯಿಲ್ಲದೆ ಬಳಸಿದ್ದಕ್ಕೆ ಅಂತ ಬದಲಾಯಿಸಮ್ಮ."

ಅವಳು ಮಾವನ ಮುಖ ನೋಡಿದಳು. ಅದರಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ. ತನ್ನ ತಟ್ಟೆ, ತನ್ನ ನಿಂಬೆ, ಬೆರಳು ಹಳದಿ ಮಾಡಿಕೊಂಡು ಕಲಿತ ವಿದ್ಯೆ, ಎಲ್ಲವನ್ನೂ ಎತ್ತಿಕೊಂಡು ಅದೇ ಹೆಂಗಸಿನ ಕೊರಳಿಗೆ ಇನ್ನೊಂದು ಹಗ್ಗ ಹೊಸೆದಿದ್ದರು. ಅದನ್ನು ಬಿಗಿಯುವ ಕೆಲಸವನ್ನೂ ಇವಳಿಗೇ ವಹಿಸಿದ್ದರು, ಮುದ್ದಿನಿಂದ, ಬೆನ್ನು ತಟ್ಟಿ.

"ಆಯ್ತಲ್ಲ ಬಿಡಿ," ಎಂದಳು ಗುಡುಗಮ್ಮ ಬಾಗಿಲಿನಿಂದ. "ನಾನು ಹೋಗ್ತೀನಿ. ಕೈ ಉರೀತಿದೆ."

"ಏನಾಗಿದೆ ಕೈಗೆ?" ಅಧ್ಯಕ್ಷೆ ಎದ್ದು ನಿಂತರು.

ಗುಡುಗಮ್ಮ ಬಟ್ಟೆ ಬಿಚ್ಚಿದಳು. ಅಧ್ಯಕ್ಷೆ ಉಸಿರು ಒಳಗೆಳೆದುಕೊಂಡರು. ಅಜ್ಜ ಮುಖ ತಿರುಗಿಸಿದ.

"ಹೇಳಿದ ಮಾತು ಕೇಳದಿದ್ರೆ ಹೀಗೇ ಆಗೋದು," ಎಂದರು ಮಾವ, ಬೇಸರದಿಂದ ತಲೆಯಾಡಿಸುತ್ತ. "ಏನಮ್ಮ, ಟೈಪ್ ಆಯ್ತಾ?"

ಅಮ್ಮನ ಮುಖ ಕಣ್ಣ ಮುಂದೆ ಬಂತು. ಇನ್ನು ಮೇಲೆ ತಮ್ಮನ ಮನೆಯ ಬಾಗಿಲು ಅಮ್ಮನಿಗೂ ಮುಚ್ಚಬಹುದು. ಈ ಕುರ್ಚಿಯಂತೂ ಸಂಜೆಯವರೆಗೂ ಉಳಿಯದು. ಗಂಟಲಲ್ಲಿ ಎಂದಿನ ಕೆಮ್ಮು ಎದ್ದಿತು. ಅವಳು ಅದನ್ನು ನುಂಗಿದಳು. ಟೈಪ್ ಮಾಡಿದ್ದ ಹಾಳೆಯನ್ನು ಸರ್ರೆಂದು ಎಳೆದು ಮೇಜಿನ ಮೇಲಿಟ್ಟು, ನೆಟ್ಟಗೆ ನಿಂತು, ಅಂಗಳಕ್ಕೂ ಕೇಳಿಸುವಂತೆ ಹೇಳಿದಳು:

"ಮಾವ, ಕಾಸ್ಟಿಕ್ ಸೋಡಾ ಹಾಕಿ ಉಜ್ಜು ಅಂತ ಅವಳಿಗೆ ಹೇಳಿದ್ದು ನೀವು. ಕೈ ಸುಡುತ್ತೆ ಅಂತ ಅವಳು ಹೇಳಿದ್ಲು. ನಾನು ಇಲ್ಲೇ ಕೂತಿದ್ದೆ."