ಗೋಡೆಯ ಹಿಂದೆ ಮಲಗುವವನು

ಕೋಚ್ ಎಸೆದ ಬೂಟು ಬೆಕ್ಕಿನ ಹುಬ್ಬಿಗೇ ಬಡಿಯಿತು. ಬೆಕ್ಕು ಅಂದರೆ ತಂಡದ ಗೋಲ್‌ಕೀಪರ್, ಕೋಚ್‌ಗೆ ಸ್ವಂತ ಅಕ್ಕನ ಮಗ. ರಕ್ತ ಕಣ್ಣಿಗಿಳಿದರೂ ಅವನು ಒರೆಸಿಕೊಳ್ಳಲಿಲ್ಲ. ಬೂಟುಗಳು ಜೋಡಿಯಾಗೇ ಇರುತ್ತವಲ್ಲ, ಇನ್ನೊಂದು ಬರೋದಿತ್ತು.

"ಮಾವ, ಪೂರ್ತಿ ಕೇಳಿ. ಫ್ರೀ ಕಿಕ್ ಬಂದಾಗ ಗೋಡೆ ಕಟ್ಟಿ ನಿಲ್ಲೋರು ಐದೂ ಜನ ಒಟ್ಟಿಗೆ ಜಿಗೀತಾರೆ. ಲೋಕಕ್ಕೆಲ್ಲ ಗೊತ್ತದು. ಅದಕ್ಕೇ ಎದುರಿನೋರು ಬಾಲ್ ಕಾಲಡಿಗೇ ತೂರಿಸ್ತಾರೆ. ಹಿಂದೆ ಒಬ್ಬ ಅಡ್ಡ ಮಲಗಿದ್ರೆ..."

"ನನ್ನ ತಂಡದಲ್ಲಿ ಹೆಣ ಮಾತ್ರ ಮಲಗೋದು!"

ಮಾವನ ವಿದ್ಯೆ ಅಷ್ಟೇ. ಸೋತವರನ್ನು ಸಾಲಾಗಿ ನಿಲ್ಲಿಸಿ, ಕೈ ಹಿಂದೆ ಕಟ್ಟಿಸಿ, ಹತ್ತಿರದಿಂದ ಬಾಲ್ ಒದೆಯುವುದು. ಮುಖ ತಿರುಗಿಸಿದವನು ಮತ್ತೆ ನಿಲ್ಲಬೇಕು. ಡಿಫೆಂಡರ್ ಗೂಳಿಯ ಮುಂದಿನ ಹಲ್ಲು ಹೋದದ್ದು ಹಾಗೆ. ಹೊಡೆದರೆ ದನವೂ ದಾರಿ ಕಲಿಯುತ್ತೆ ಅನ್ನೋನು ಮಾವ. ಥೂ! ದನ ಕಲಿಯೋದು ದಾರಿಯನ್ನಲ್ಲ, ಕೋಲನ್ನ.

ಮರುದಿನದ ಪಂದ್ಯ ಸೋತರೆ ಕ್ಲಬ್ಬು ಕೆಳಗಿನ ದರ್ಜೆಗೆ, ಅರ್ಧ ತಂಡ ಬೀದಿಗೆ. ಬೆಕ್ಕಿಗೆ ಗ್ಲೌಸ್ ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಸಂಜೆ ಸ್ಟೋರ್ ರೂಮಿನ ಹಿಂದೆ ಕದ್ದುಮುಚ್ಚಿ ಗೂಳಿಗೆ ಮಲಗೋದು ಕಲಿಸಿದ.

"ನಿದ್ದೆ ಬಂದ್ಬಿಟ್ರೆ?" ಅಂದ ಗೂಳಿ.

"ಬಾಲ್ ಬಂದು ಎಬ್ಬಿಸುತ್ತೆ, ಮಲಗೋ."

ಪಂದ್ಯ ಸಮ ಆದರೂ ಸಾಕಿತ್ತು, ಅಲ್ಲಿವರೆಗೂ ಸಮವಾಗೇ ಇತ್ತು. ಇನ್ನೇನು ಮುಗೀತು ಅನ್ನುವಾಗ ಎದುರಾಳಿಗೆ ಫ್ರೀ ಕಿಕ್ ಸಿಕ್ಕಿತು. ಗೋಡೆ ನಿಂತಿತು. ಗೂಳಿ ಹಿಂದೆ ಅಡ್ಡ ಮಲಗಿದ.

"ಏಳೋ, ನಾಯಿ!" ಗೆರೆಯಾಚೆಯಿಂದ ಮಾವ ಗುಡುಗಿದ.

ಗೂಳಿಯ ತಲೆ ಮಲಗಿರು ಅಂತಿತ್ತು. ಏಟು ತಿಂದ ಮೈ ಕೇಳಬೇಕಲ್ಲ? ಧಡಕ್ಕನೆ ಎದ್ದ. ಅವನು ಮಲಗಿದ್ದ ಜಾಗದಲ್ಲೇ ಬಾಲ್ ಸರ್‍ರನೆ ತೂರಿ ಬಲೆ ಸೇರಿತು.

ಡ್ರೆಸ್ಸಿಂಗ್ ರೂಮಿಗೆ ಬಂದವನೇ ಮಾವ ಅಗುಳಿ ಜಡಿದ. "ಗೋಡೆ! ಕೈ ಹಿಂದೆ!" ಮೊದಲ ಒದೆತ ಗೂಳಿಯ ಹೊಟ್ಟೆಗೆ. ಅವನು ಉಸಿರು ಕಟ್ಟಿ ಕುಸಿದ. ಪುಟಿದು ಬಂದ ಬಾಲನ್ನು ಬೆಕ್ಕು ಕಾಲಲ್ಲಿ ತಡೆದ. ಮಾವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ.

"ಕೈ ಹಿಂದೆ, ಮಾವ."

"ಲೇ, ಎತ್ತಿ ಆಡಿಸಿದೀನಿ ಕಣೋ ನಿನ್ನ!"

"ಈಗ ನಾನು ಆಡಿಸ್ತೀನಿ."

ಒದ್ದ. ಮಾವನ ಮೂಗು ಒಡೆಯಿತು. ಇನ್ನೊಂದು ಒದ್ದ. ಮಾವ ಮುಖ ತಿರುಗಿಸಿದ.

"ತಿರುಗಿಸಿದೋನು ಮತ್ತೆ ನಿಲ್ಲಬೇಕು. ನಿಂದೇ ಕಾನೂನು. ನಿಲ್ಲು!"

ಯಾರೋ ನಕ್ಕರು. ಯಾರೂ ತಡೆಯಲಿಲ್ಲ. ಬೆಕ್ಕು ಮತ್ತೆ ಬಾಲ್ ಇಟ್ಟು ಕಾಲು ಎತ್ತಿದ. ಅಷ್ಟರಲ್ಲಿ ಗೂಳಿ ಹೊಟ್ಟೆ ಹಿಡಿದುಕೊಂಡೇ ತೆವಳಿ ಬಂದು ಬಾಲಿನ ಮುಂದೆ ಅಡ್ಡ ಮಲಗಿದ.

"ಈಗ ಮಲಗ್ತೀಯೇನೋ, ಬೋಳಿಮಗನೆ!" ಬೆಕ್ಕು ಕಿರುಚಿದ.

"ನಿದ್ದೆ ಈಗ ಬಂತು, ಏನ್ಮಾಡ್ಲಿ?" ಗೂಳಿ ಏದುಸಿರು ಬಿಟ್ಟ. "ಒದೆಯೋದು ಅವನೇ ಕಲಿಸಿದಾನೆ, ಸಾಕು. ನೀನು ಬೇರೇನೋ ಕಲಿಸ್ತೀನಿ ಅಂದಿದ್ದೆಯಲ್ಲ?"

ಬೆಕ್ಕು ಎತ್ತಿದ ಕಾಲನ್ನು ಕೆಳಗಿಳಿಸಿದ. ಅವನು ಹೋಗಿ ಅಗುಳಿ ತೆಗೆದ. ಒಬ್ಬೊಬ್ಬರಾಗಿ ಎಲ್ಲರೂ ಹೊರಗೆ ನಡೆದರು.

ಮಾವ ಮಾತ್ರ ರಕ್ತ ಸುರಿಸಿಕೊಂಡು ಗೋಡೆಗೊರಗಿ ನಿಂತೇ ಇದ್ದ. ಕೈ ಹಿಂದೆಯೇ ಇತ್ತು.